ಕಿಟಕಿಗೆ ಕಟ್ಟಿದ ಶಾಲು

ಹಾನಗಲ್ಲಿನ ನಮ್ಮ ಕೇಂದ್ರದ ಕಿಟಕಿಗೆ ಒಂದು ಕೆಂಪು ಪರದೆಯಿದೆ. ಅದು ಪರದೆಯಾಗಿ ಹುಟ್ಟಿದ್ದಲ್ಲ, ಸನ್ಮಾನದ ಶಾಲು. ಈ ಜಾತಿಯ ಶಾಲನ್ನು ನೀವೂ ಬಲ್ಲಿರಿ, ಗೆಳೆಯರೇ: ಅಂಚಿಗೆ ಹುಸಿ ಜರಿ, ಮೈಗೆ ತಾಗಿದರೆ ಚುಚ್ಚುವ ನೂಲು, ಚಳಿಗೆ ಹೊದೆಯಲು ತೆಳು, ಬೆವರು ಒರೆಸಲು ಒರಟು. ಆದರೂ ನಮ್ಮ ಸೀಮೆಯಲ್ಲಿ ಅದಿಲ್ಲದೆ ಯಾವ ಸಮಾರಂಭವೂ ಮುಗಿಯುವುದಿಲ್ಲ. ಭಾಷಣ ಮಾಡಿದವರಿಗೆ ಒಂದು, ಮಾಡದೆ ಪುಣ್ಯ ಕಟ್ಟಿಕೊಂಡವರಿಗೆ ಇನ್ನೊಂದು. ಆಮೇಲೆ ಅದು ಟ್ರಂಕು ಸೇರುತ್ತದೆ, ಇಲ್ಲವೇ ಮುಂದಿನ ಸಮಾರಂಭದಲ್ಲಿ ಬೇರೊಬ್ಬರ ಹೆಗಲು ಸೇರುತ್ತದೆ. ಈ ಶಾಲು ಮಾತ್ರ ನಮ್ಮ ಕಿಟಕಿಗೆ ಬಂತು.

ಹೆಂಡ, ಗಾಂಜಾ, ಈಚೆಗೆ ಹುಡುಗರು ನುಂಗುವ ನೋವಿನ ಮಾತ್ರೆ, ಇವುಗಳ ಹಿಡಿತದಿಂದ ಬಿಡಿಸಿಕೊಳ್ಳಬೇಕೆನ್ನುವವರನ್ನು ಒಟ್ಟಿಗೆ ಕೂರಿಸಿ, ಅವರ ಮಾತು ಕೇಳಿ, ಬೇಕಾದವರನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದು ನನ್ನ ಕೆಲಸ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಎಲ್ಲ ಕಡೆಯೂ ಆಯಾ ಊರಿನ ಸಂತೆಯ ದಿನವೇ ನಮ್ಮ ಸಭೆ. ಇದಕ್ಕೊಂದು ಕಾರಣವಿದೆ. ಸಂತೆಗೆ ಹೊರಟವನನ್ನು ಎಲ್ಲಿಗೆ ಹೊರಟೆ ಎಂದು ಯಾರೂ ಕೇಳುವುದಿಲ್ಲ. ಕೈಯಲ್ಲೊಂದು ಚೀಲವಿದ್ದರೆ ಸಾಕು, ಬದನೆಕಾಯಿ ಕೊಂಡು ಹೋಗುವ ದಾರಿಯಲ್ಲೇ ನಮ್ಮಲ್ಲಿ ತಾಸೊತ್ತು ಕುಳಿತು ಹೋಗಬಹುದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹಾನಗಲ್ಲಿನ ಕೇಂದ್ರದ ಬಾಗಿಲಿಗೆ ನಾವು ಬೋರ್ಡು ಹಾಕಿರಲಿಲ್ಲ. ಬೀದಿಯ ಕಡೆಗಿದ್ದ ಅಗಲವಾದ ಕಿಟಕಿಯಿಂದ ಇಣುಕಿದವರು ಯಾವುದೋ ಸಂಘದ ಸಭೆಯೆಂದುಕೊಂಡು ಮುಂದೆ ಹೋಗುತ್ತಿದ್ದರು. ಮನುಷ್ಯನಿಗೆ ಕೆಡಲು ಮಾತ್ರವಲ್ಲ, ಸುಧಾರಿಸಲೂ ಒಂದು ಮರೆ ಬೇಕು. ಹೆಪ್ಪು ಹಾಕಿದ ಹಾಲಿನ ಮುಚ್ಚಳವನ್ನು ಗಳಿಗೆಗೊಮ್ಮೆ ತೆಗೆದು ಅಲುಗಾಡಿಸಿದರೆ ಮೊಸರಾಗುವುದಿಲ್ಲವೆಂದು ನಮ್ಮವ್ವ ಗದರುತ್ತಿದ್ದಳು.

ತಿಳವಳ್ಳಿ ಕಡೆಯ ಶಿವಪ್ಪ ಹೀಗೆ ಚೀಲ ಹಿಡಿದು ಬಂದವನೇ. ಹಳ್ಳಿಗಳ ನಡುವೆ ಬಾಡಿಗೆಗೆ ಟಂಟಂ ಆಟೋ ಓಡಿಸುತ್ತಿದ್ದ. ಕುಡಿದು ಕುಡಿದು ಯಕೃತ್ತು ಕೆಟ್ಟಿತ್ತು. ಮತ್ತೆ ಮುಟ್ಟಿದರೆ ಜೀವಕ್ಕೆ ಉಳಿವಿಲ್ಲವೆಂದು ಡಾಕ್ಟರು ಅವನೆದುರಿಗೇ ಹೇಳಿದ್ದರು. ಒಂದು ಮಳೆಗಾಲ, ಒಂದು ಚಳಿಗಾಲ ಅವನು ಕುಡಿಯಲಿಲ್ಲ. ಮುಖಕ್ಕೆ ಕಳೆ ಬಂತು, ಹೆಂಡತಿ ಗಂಗವ್ವ ನಕ್ಕಿದ್ದನ್ನು ನಾನು ಮೊದಲ ಸಲ ಕಂಡೆ. ಊರಿಗೂ ಸುದ್ದಿ ಗೊತ್ತಾಯಿತು. ಗೊತ್ತಾದ ಮೇಲೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಯುವಕ ಸಂಘದ ವಾರ್ಷಿಕೋತ್ಸವದಲ್ಲಿ ಅವನಿಗೆ ಸನ್ಮಾನ ಇಟ್ಟುಕೊಂಡರು. ಬೇಡವೆಂದು ನಾನು ಊರ ಹಿರಿಯರೊಬ್ಬರ ಮನೆಗೇ ಹೋಗಿ ಹೇಳಿದೆ.

"ಏನ್ ಅಕ್ಕಾರ, ಛಲೋ ಕೆಲಸ ಮಾಡಿದಾಂವ್ಗ ಮರ್ಯಾದಿ ಮಾಡೂದು ನಮ್ಮೂರ ಪದ್ಧತಿರಿ. ಇಂವನ್ನ ನೋಡಿ ಇನ್ನೊಬ್ಬ ಬಿಡ್ತಾನ," ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ.

ಮೈಕಿನಲ್ಲಿ ಅವನ ಹೆಸರು, ನಮ್ಮ ಕೇಂದ್ರದ ಹೆಸರು, ಅವನು ಹಿಂದೆ ಎಲ್ಲೆಲ್ಲಿ ಬಿದ್ದಿರುತ್ತಿದ್ದನೆಂಬ ವರ್ಣನೆ, ಎಲ್ಲವೂ ಮೊಳಗಿದವು. ಕೆಂಪು ಶಾಲು ಹೊದ್ದ ಶಿವಪ್ಪ ಮದುಮಗನ ಹಾಗೆ ನಾಚಿಕೊಂಡು ನಿಂತಿದ್ದ. ಎಷ್ಟು ಚೆಂದ ಕಾಣುತ್ತಿದ್ದ!

ಕುಡಿತ ಬಿಟ್ಟವನು ಒಮ್ಮೆ ಜಾರುವುದು ನಮ್ಮ ಕೆಲಸದಲ್ಲಿ ಹೊಸದಲ್ಲ. ಜಾರಿದವನು ಮುಂದಿನ ಸಂತೆಗೆ ಮತ್ತೆ ಚೀಲ ಹಿಡಿದು ಬರುತ್ತಾನೆ, ನಾವು ಜಮಖಾನೆಯ ಮೇಲೆ ಸರಿದು ಜಾಗ ಕೊಡುತ್ತೇವೆ, ಅಷ್ಟೆ. ಹಿರೇಕೆರೂರಿನ ಕಡೆಗೆ ಮದುವೆಯ ಬಾಡಿಗೆ ಹೋದಾಗ ಶಿವಪ್ಪನೂ ಜಾರಿದ. ಆದರೆ ಅವನು ಬರಲಿಲ್ಲ. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? "ಶಾಲಿನ ಸಾಹೇಬ್ರು ಎತ್ತಾಗ ಹೊಂಟಾರ?" ಎಂದು ಬಸ್ ಸ್ಟ್ಯಾಂಡಿನಲ್ಲಿ ಜನ ಕೇಳುತ್ತಿದ್ದರಂತೆ. ಸಂತೆಯ ದಿನ ನಮ್ಮೆದುರಿನ ಚಹಾದಂಗಡಿಯ ಮುಂದೆ ಅವನ ಟಂಟಂ ನಿಂತಿರುವುದು ಕಿಟಕಿಯಿಂದ ಕಂಡಿತು. ಎದ್ದು ಹೋಗಿ ಕರೆದೆ.

"ಯಾವ ಮಾರಿ ಹೊತ್ಗೊಂಡ್ ಬರ್ಲಿರಿ ಅಕ್ಕಾರ? ಊರ ಮಂದಿ ಕೂಡಿ ಶಾಲ ಹೊಚ್ಯಾರ. ಈಗ ಒಳಗ ಬಂದ್ರ, ಕುಡಿಯಾಕತ್ತಾನಂತ ಡಂಗುರಾ ಹೊಡದಂಗ ಆಕ್ಕೈತಿ," ಎಂದ. ಮನೆಗೇ ಬರುತ್ತೇನೆಂದೆ. ಬಂದರೆ ಓಣಿಯೆಲ್ಲ ಬಾಗಿಲಿಗೆ ನಿಲ್ಲುತ್ತದೆಂದು ಕೈ ಮುಗಿದ.

ಮಳೆ ಹಿಡಿಯುವ ಮೊದಲೇ ಶಿವಪ್ಪ ತೀರಿಕೊಂಡ. ಹಳದಿಗಟ್ಟಿದ ಆ ಮುಖವನ್ನು ನೋಡಲು ನನಗಾಗಲಿಲ್ಲ. ಅದೇ ಹಿರಿಯರು ಹಾರದ ಜೊತೆಗೆ ಹೊಸ ಶಾಲೊಂದನ್ನು ತಂದಿದ್ದರು. ಹೊದಿಸಲು ಬಗ್ಗಿದಾಗ ಗಂಗವ್ವ ಅವರ ಕೈ ತಡೆದಳು.

"ಬ್ಯಾಡ್ರಿ ಯಪ್ಪಾ. ಒಮ್ಮೆ ಹೊಚ್ಚಿದ್ದ ಸಾಕಾತು."

ಹಿರಿಯರು ಶಾಲನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಅತ್ತರು. ಅವರ ಮೇಲೆ ಸಿಟ್ಟು ಮಾಡಿಕೊಂಡೇ ಬಂದಿದ್ದ ನನಗೆ ಆ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಗೌರವಿಸುವುದನ್ನು ಇಷ್ಟು ಚೆನ್ನಾಗಿ ಕಲಿತ ನಮಗೆ, ಕಂಡೂ ಕಾಣದಂತೆ ಇರುವುದನ್ನು ಯಾರೂ ಕಲಿಸಲೇ ಇಲ್ಲವಲ್ಲ ಎಂದು ಸಂಕಟವಾಯಿತು.

ಕೆಲವು ವಾರಗಳ ಮೇಲೆ, ಸಂತೆಯ ದಿನ, ಗಂಗವ್ವ ಚೀಲ ಹಿಡಿದು ನಮ್ಮ ಕೇಂದ್ರಕ್ಕೆ ಬಂದಳು. ಚೀಲದಲ್ಲಿ ಆ ಕೆಂಪು ಶಾಲಿತ್ತು.

"ಅಂವ ಬಾಗಲದ ತನಕಾ ಬಂದು ಬಂದು ಹೊಳ್ಳಿ ಹೋಗಿದ್ನಂತ್ರಿ ಅಕ್ಕಾರ. ಕಿಡಕ್ಯಾಗ ಎಲ್ಲಾ ಕಾಣತೈತಿ ಅಂತಿದ್ದ. ಇದನ್ನ ಅಲ್ಲಿ ಕಟ್ರಿ," ಎಂದಳು. ಇಬ್ಬರೂ ಸೇರಿ ಕಟ್ಟಿದೆವು. ಅಳತೆ ಸರಿಯಾಗಿತ್ತು.

ಮೊನ್ನೆ ಹೊಸಬನೊಬ್ಬ ಖಾಲಿ ಚೀಲ ಹಿಡಿದು ಬಂದ. ಕೂರುವ ಮೊದಲು ಕಿಟಕಿಯ ಕಡೆ ನೋಡಿ, "ಹೊರಗಿಂದ ಕಾಣಂಗಿಲ್ಲಲ್ರಿ?" ಎಂದು ಕೇಳಿದ.

"ಇಲ್ಲಪ್ಪಾ, ಕಾಣಂಗಿಲ್ಲ. ಕುಂದ್ರು," ಎಂದೆ.

ಅವನು ಕುಳಿತ. ಶಾಲಿನಿಂದ ಸೋಸಿ ಬಂದ ಬಿಸಿಲಿಗೆ ಅವನ ಮುಖ ಕೆಂಪಗೆ ಕಾಣುತ್ತಿತ್ತು. ಹೊರಗೆ ಯಾವುದೋ ಟಂಟಂ ಬಂದು ಚಹಾದಂಗಡಿಯ ಮುಂದೆ ನಿಂತ ಸದ್ದಾಯಿತು. ರೂಢಿಯಂತೆ ಆ ಕಡೆ ತಿರುಗಿದೆ. ಶಾಲು ಅಡ್ಡವಿತ್ತು, ನನಗೂ ಏನೂ ಕಾಣಲಿಲ್ಲ.