ಇನ್ಸುಲಿನ್ ಕವರಿನ ಮೇಲೊಂದು ಬೆವರ ಹನಿ

ಚಿಮುಟದಿಂದ ಅಂಚೆಚೀಟಿ ಜಾರಿತು. ಅದೇ ಮೊದಲ ಸೂಚನೆ. ನನಗೆ ತಿಳಿಯಲಿಲ್ಲ.

ಅಪ್ಪನ ಕೈಯಿಂದ ಚೀಟಿ ಜಾರಿದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರ ಕೈ ಅದು. ನಿವೃತ್ತಿಯ ನಂತರ ನಾಸಿಕದ ಮನೆಯಲ್ಲಿ ಕೂತು ಅವರು ಕೂಡಿಸುತ್ತಿರುವುದು ವೈದ್ಯಲೋಕದ ಮಹನೀಯರ ಚೀಟಿಗಳು, ಬಿಡುಗಡೆಯ ದಿನದ ಮುದ್ರೆ ಬಿದ್ದ ಕವರ್‌ಗಳು. ಸಿಡುಬಿಗೆ ಲಸಿಕೆ ಕೊಟ್ಟವರು, ಪೆನಿಸಿಲಿನ್ ಕಂಡವರು. ಎಲ್ಲರಿಗಿಂತ ಮುಂದೆ, ಇನ್ಸುಲಿನ್ ಹುಡುಕಿದವರು.

"ಇವ್ರು ಇರದಿದ್ರ ನಾ ಇರ್ತಿದ್ದಿಲ್ಲ ನೋಡವ್ವ," ಎನ್ನುತ್ತಾರೆ, ಬೆಳಿಗ್ಗೆ ಇಂಜೆಕ್ಷನ್ ಚುಚ್ಚಿಕೊಳ್ಳುತ್ತ.

ಕಳೆದ ತಿಂಗಳು ಛತ್ರಪತಿ ಸಂಭಾಜಿನಗರದಲ್ಲಿ ಅಂಚೆಚೀಟಿ ಪ್ರದರ್ಶನವಿತ್ತು. ಆ ಊರಿನ ಹೊರಗಿನ ಶೇಂದ್ರಾದ ಕಾರ್ಖಾನೆಯಲ್ಲಿ ಕೆಲಸ ಮಾಡುವ ನನ್ನ ಮನೆಗೆ ಅಪ್ಪ ಹಿಂದಿನ ದಿನವೇ ಬಂದರು. ಬೆಳಿಗ್ಗೆ ಇನ್ಸುಲಿನ್ ತೆಗೆದುಕೊಂಡರು. ತಿಂಡಿ ಪ್ರದರ್ಶನದ ಹಾಲ್‌ನಲ್ಲಿ ತಿನ್ನುತ್ತೇನೆಂದು ಡಬ್ಬಿ ಕಟ್ಟಿಸಿಕೊಂಡರು. ಅಲ್ಲಿ ಡಬ್ಬಿ ತೆರೆಯದೆ, ಪ್ರದರ್ಶನದ ಫ್ರೇಮಿಗೆ ಕವರ್ ಜೋಡಿಸಲು ನಿಂತರು.

"ಅಪ್ಪಾ, ಮೊದಲ ತಿನ್ರಿ."

"ಎಣ್ಣಿ ಕೈಲೆ ಕವರ್ ಮುಟ್ಟಲೇನು? ಇದೊಂದು ಫ್ರೇಮ್ ಆಗ್ಲಿ."

ಆಲ್ಬಂ ಬಳಿ ತಿಂಡಿ, ನೀರು ತರಬಾರದು. ಸಂಗ್ರಾಹಕರ ನಿಯಮ. ಮನೆಯಲ್ಲೂ ಆ ಮೇಜಿನ ಮೇಲೆ ನಾನು ಎಂದೂ ಲೋಟ ಕಂಡವಳಲ್ಲ.

ಚೀಟಿ ಜಾರಿತು. ಮುಖದಿಂದ ಬೆವರು ಇಳಿಯುತ್ತಿತ್ತು. ಒಂದು ಹನಿ ಇನ್ಸುಲಿನ್ ಕವರಿನ ಮೇಲೆ ಬಿತ್ತು. "ಅಪ್ಪಾ" ಎಂದೆ. ಯಾರನ್ನೋ ನೋಡುವಂತೆ ನನ್ನನ್ನು ನೋಡಿದರು.

ಕ್ಯಾಂಟೀನಿಗೆ ಓಡಿ ಸಕ್ಕರೆ ನೀರು ತಂದೆ. ಲೋಟ ತಳ್ಳಿದರು. ಮತ್ತೆ ತಂದೆ, ಮತ್ತೆ ತಳ್ಳಿದರು. ನಾಲಿಗೆ ತೊದಲುತ್ತಿತ್ತು. "ನೀರು... ದೂರ ಇಡು..."

ಸಾಯುತ್ತಿದ್ದರು. ಕವರ್ ಕಾಯುತ್ತಿದ್ದರು.

ಪಕ್ಕದ ಫ್ರೇಮಿನ ಬಳಿ ಇದ್ದ ಅಪ್ಪನ ಗೆಳೆಯ ಜೋಶಿ ಕಾಕಾಗೆ ಮಾತ್ರ ಅದು ಅರ್ಥವಾಯಿತು. ಕವರ್‌ಗಳನ್ನು ಬಾಚಿ ಆಲ್ಬಮಿನಲ್ಲಿಟ್ಟು, ಅಪ್ಪನ ಕಣ್ಣೆದುರೇ ಮುಚ್ಚಿ, ದೂರದ ಮೇಜಿಗೆ ಒಯ್ದರು. "ಸಗಳಂ ಸುರಕ್ಷಿತ ಆಹೆ, ಪಾಟೀಲ! ಆತಾ ಪ್ಯಾ!" ಎಲ್ಲ ಸುರಕ್ಷಿತ, ಈಗ ಕುಡಿ.

ಅಪ್ಪ ಬಾಯಿ ತೆರೆದರು.

ಆಸ್ಪತ್ರೆ ಮುಟ್ಟಿದಾಗಲೂ ಶುಗರ್ ನಲವತ್ತೆರಡಿತ್ತು; ಎಪ್ಪತ್ತಕ್ಕಿಂತ ಕೆಳಗಿಳಿಯಬಾರದು. ಗ್ಲೂಕೋಸ್ ಡ್ರಿಪ್ ಹಾಕಿದ ಡಾಕ್ಟರ್, ಇನ್ನಷ್ಟು ತಡವಾಗಿದ್ದರೆ ನುಂಗುವ ಸ್ಥಿತಿಯೂ ಇರುತ್ತಿರಲಿಲ್ಲ ಎಂದರು. ಕಾರ್ಖಾನೆಯ ಸದ್ದಿನ ನಡುವೆ ಈಗಲೂ ಆ ಮಾತು ಕೇಳುತ್ತದೆ.

ಖಾಲಿ ಹೊಟ್ಟೆಯಲ್ಲಿ ಶುಗರ್ ಇಷ್ಟು ಇಳಿಸಿದ ಇನ್ಸುಲಿನ್ ಮೇಲೇ ಕೆಲವು ದಿನ ನನಗೆ ಸಿಟ್ಟಿತ್ತು. ಆದರೆ ಇಷ್ಟು ವರ್ಷ ಅಪ್ಪನನ್ನು ಉಳಿಸಿಕೊಟ್ಟದ್ದು ಅದೇ. ಅದನ್ನು ಹುಡುಕಿದವರು ತಮ್ಮ ಚಿತ್ರದ ಮುಂದೆ ಯಾರಾದರೂ ಉಪವಾಸ ಕೂರಲೆಂದು ಬಯಸಿರಲಾರರು. ಈಗ ಆ ಮುಖಗಳನ್ನು ನಾನೂ ನಿಂತು ನೋಡುತ್ತೇನೆ.

ಬೆವರಿಗೆ ಆ ಕವರಿನ ಮುದ್ರೆಯ ಶಾಯಿ ಹರಡಿದೆ. ಕಲೆಯಾದ ಕವರಿಗೆ ಪ್ರದರ್ಶನದಲ್ಲಿ ಬೆಲೆಯಿಲ್ಲ. ಜೋಶಿ ಕಾಕಾ ಹೊಸದೊಂದು ಕಳಿಸಿದರು. ಅಪ್ಪ ಅದನ್ನು ಹಿಂದಿಟ್ಟು, ಕಲೆಯದನ್ನೇ ಮೊದಲ ಪುಟದಲ್ಲಿ ಇಟ್ಟಿದ್ದಾರೆ.

ದಿನಾ ನಾಸಿಕದಿಂದ ವಿಡಿಯೊ ಕಾಲ್ ಬರುತ್ತದೆ. ಮೊದಲು ತಿಂದು ಖಾಲಿ ಮಾಡಿದ ತಟ್ಟೆ, ಆಮೇಲೆ ತೊಳೆದ ಕೈ.

"ಈಗರೆ ಚಿಮುಟ ಹಿಡೀಲೇನು, ಡಾಕ್ಟರವ್ವಾ?"

"ತಾಟು ಇನ್ನಷ್ಟು ಹತ್ರ ತೋರಸ್ರಿ," ಎನ್ನುತ್ತೇನೆ.