ಉಂಡಿ ಕಟ್ಟುತ್ತ ಕೇಳಿದ ಪತ್ತೇದಾರಿ ಕಾದಂಬರಿ

ಮೊನ್ನೆ ನಾಗರ ಪಂಚಮಿಗೆಂದು ಎಳ್ಳು, ಬೆಲ್ಲ ಕೊಂಡು ಬಾಗಲಕೋಟೆಯ ನವನಗರದ ಬಸ್ ನಿಲ್ದಾಣದ ಕಡೆ ನಡೆದು ಬರುತ್ತಿದ್ದೆ. ಅಲ್ಲೊಬ್ಬ ತಾಡಪತ್ರಿ ಹಾಸಿ ಹಳೆಯ ಪುಸ್ತಕಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದ. ಹಳೆಯ ಪುಸ್ತಕ ಕಂಡರೆ ನನ್ನ ಕಾಲು ನನ್ನ ಮಾತು ಕೇಳುವುದಿಲ್ಲ. ಬಗ್ಗಿ ಒಂದನ್ನು ಎತ್ತಿಕೊಂಡೆ. ಮುಖಪುಟದಲ್ಲಿ ಕಂದೀಲು ಹಿಡಿದ ಹೆಂಗಸು, ಅವಳ ಹಿಂದೆ ಪಾಳುಬಿದ್ದ ವಾಡೆ, ವಾಡೆಯ ಮೇಲೆ ಯಾಕೋ ಏನೋ ಒಂದು ತಲೆಬುರುಡೆ. ಇಂಥ ಚಿತ್ರ ನೋಡಿ ನಗುವ ವಯಸ್ಸು ನನಗೆ ಬಂದಿದೆ ಎಂದುಕೊಳ್ಳುತ್ತಲೇ ಮೊದಲ ಪುಟ ತಿರುವಿದೆ. ಹೊಸದಾಗಿ ಮದುವೆಯಾದ ಹುಡುಗಿ ಚಕ್ಕಡಿಯಿಂದ ಇಳಿಯುತ್ತಾಳೆ. ತಲೆ ಎತ್ತಿ ನೋಡಿದರೆ ಮೇಲಿನ ಕಿಟಕಿಯಲ್ಲಿ ದೀಪ. ಆದರೆ ಆ ಕೋಣೆಗೆ ಹೊರಗಿನಿಂದ ಕೀಲಿ. ಅಷ್ಟು ಓದುವುದರೊಳಗೆ ಕೈಚೀಲದ ಬೆಲ್ಲದ ವಾಸನೆಯೂ ಹಳೆಯ ಕಾಗದದ ವಾಸನೆಯೂ ಕೂಡಿಕೊಂಡು ಬಂದವು. ನಾನು ಬಿಸಿಲಲ್ಲೇ ನಿಂತುಬಿಟ್ಟೆ.

"ತಗೋತೀರೇನ್ರಿ ಅಕ್ಕಾರ, ಇಲ್ಲಾ ಇಲ್ಲೇ ಓದಿ ಮುಗಸ್ತೀರಿ?" ಎಂದು ಅವನು ಕೇಳಿದ. ತೆಗೆದುಕೊಂಡೆ.

ಈ ಪುಸ್ತಕವನ್ನು ನಾನು ಅದುವರೆಗೆ ಓದಿರಲಿಲ್ಲ, ಕೇಳಿದ್ದೆ. ಹೇಗೆ ಎಂದು ಹೇಳಬೇಕಾದರೆ ನಿಮ್ಮನ್ನು ಕಮತಗಿಯ ನಮ್ಮ ಅತ್ತೆಯವರ ಮನೆಗೆ ಕರೆದುಕೊಂಡು ಹೋಗಬೇಕು. ತಲೆ ಬಗ್ಗಿಸಿ ಬನ್ನಿ, ಬಾಗಿಲು ಗಿಡ್ಡ. ಒಳಗೆ ಬಂದ ಮೇಲೆ ಸ್ವಲ್ಪ ಹೊತ್ತು ಕಣ್ಣು ಕಾಣುವುದಿಲ್ಲ, ಹೆದರಬೇಡಿ. ಬಾದಾಮಿ ಕಡೆಯ ಕೆಂಪು ಕಲ್ಲಿನ ದಪ್ಪ ಗೋಡೆಗಳು, ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಅದರಿಂದ ಪಡಸಾಲೆಯ ನಡುವೆ ಬೀಳುವ ಒಂದು ತುಂಡು ಬಿಸಿಲು. ಬೇಸಿಗೆಯಲ್ಲಿ ಈ ಮನೆಯಷ್ಟು ತಂಪು ಇನ್ನೊಂದಿಲ್ಲ. ನಾನು ಮದುವೆಯಾಗಿ ಕಿರಿ ಸೊಸೆಯಾಗಿ ಇಲ್ಲಿಗೆ ಬಂದಾಗ ನನ್ನ ಟ್ರಂಕಿನಲ್ಲಿ ಸೀರೆಗಳಿಗಿಂತ ಪತ್ತೇದಾರಿ ಕಾದಂಬರಿಗಳೇ ಹೆಚ್ಚಿದ್ದವು. ಆದ್ದರಿಂದ ಬಂದ ವಾರದಲ್ಲೇ ಎರಡು ಸುಳಿವುಗಳನ್ನು ಪತ್ತೆ ಹಚ್ಚಿದೆ. ಒಂದು, ಕಾಳಿನ ಕೋಣೆಯ ಪಕ್ಕದಲ್ಲಿ ಸದಾ ಕೀಲಿ ಹಾಕಿರುವ ಇನ್ನೊಂದು ಕೋಣೆ. ಇನ್ನೊಂದು, ಪಡಸಾಲೆಯ ತೊಲೆಯಲ್ಲಿ ಎರಡು ಕಬ್ಬಿಣದ ಬಳೆ, ಹಗ್ಗ ತಿಕ್ಕಿ ತಿಕ್ಕಿ ನುಣ್ಣಗಾದವು. ಕೀಲಿಯ ಕೋಣೆ, ತೊಲೆ, ಹಗ್ಗ. ನನಗೆ ಇನ್ನೇನು ಬೇಕು? ಈ ಮನೆಯಲ್ಲಿ ಯಾರೋ ಕೊರಳಿಗೆ ಉರುಳು ಹಾಕಿಕೊಂಡಿದ್ದಾರೆ ಎಂದು ತೀರ್ಮಾನಿಸಿ, ಆ ತೊಲೆಯ ಕೆಳಗೆ ಹಾಯುವುದನ್ನೇ ಬಿಟ್ಟೆ. ಅಡುಗೆಮನೆಗೆ ಹೋಗಬೇಕಾದರೂ ಗೋಡೆಗುಂಟ ಸುತ್ತು ಹಾಕಿ ಹೋಗುತ್ತಿದ್ದೆ.

ಇದನ್ನು ಗಮನಿಸಿದವಳು ನೀಲಕ್ಕ. ನೀಲಕ್ಕ ಎಂದರೆ ನಮ್ಮ ಭಾವನವರ ಹೆಂಡತಿ, ಮನೆಯ ಹಿರಿ ಸೊಸೆ, ಇಳಕಲ್ಲಿನವಳು. ಹಿತ್ತಲಲ್ಲಿ ಭಾಂಡೆ ತಿಕ್ಕುವಾಗ ಕೇಳಿದಳು, ನಾನು ಹೇಳಿದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕ ರೀತಿಗೆ ನನಗೆ ಅಳುವೇ ಬಂತು.

"ಹುಚ್ಚವ್ವಾ, ಅವು ಪಂಚಮಿ ಜೋಕಾಲಿ ಬಳಿ! ಉರಲ ಅಂತ, ಉರಲ!" ಎಂದಳು. ನಗು ಮುಗಿದ ಮೇಲೆ ಒಳಗಿನ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು. "ಆದ್ರ ಈ ಮನ್ಯಾಗ ಜೋಕಾಲಿ ಕಟ್ಟಿ ಭಾಳ ವರ್ಷ ಆತು, ತಂಗಿ."

ಹಾಗೆ ಗೊತ್ತಾಯಿತು ಈ ಮನೆಗೆ ಒಬ್ಬ ಮಗಳಿದ್ದಾಳೆಂದು. ಗಿರಿಜಾ, ನನ್ನ ಗಂಡನ ಅಕ್ಕ. ಮದುವೆ ಮಾತಿನಲ್ಲಿ, ಲಗ್ನದ ಮನೆಯಲ್ಲಿ, ಎಲ್ಲಿಯೂ ಅವಳ ಹೆಸರು ಬಂದಿರಲಿಲ್ಲ. ಇಳಕಲ್ಲಿನ ಒಬ್ಬ ನೇಕಾರರ ಹುಡುಗನನ್ನು ಮೆಚ್ಚಿ ತಾನೇ ಮದುವೆಯಾಗಿದ್ದಳು. ಜಾತಿಯಿಲ್ಲ, ಕುಲವಿಲ್ಲ ಎಂದು ಬೆಳಗಾದರೆ ವಚನ ಹೇಳುವ ನಮ್ಮ ಮಾವನವರು ಅಂದು ಅತ್ತೆಯವರಿಂದ ಲಿಂಗ ಮುಟ್ಟಿಸಿ ಆಣೆ ತೆಗೆದುಕೊಂಡರು. ಆ ಹೆಸರನ್ನು ಈ ಮನೆಯಲ್ಲಿ ಯಾರೂ ಎತ್ತಬಾರದು. ಅವಳ ಸಾಮಾನು, ಜೋಕಾಲಿಯ ಮಣೆ, ಹಗ್ಗ, ಎಲ್ಲ ಆ ಕೋಣೆಗೆ ಹೋದವು. ಆಮೇಲೆ ಮಾವನವರು ತೀರಿಕೊಂಡರು. ಕೋಣೆಯ ಕೀಲಿಕೈ ಅತ್ತೆಯವರ ಸೊಂಟದಲ್ಲಿ ಉಳಿಯಿತು.

ಗಿರಿಜಾಳ ಮನೆ ನೀಲಕ್ಕನ ತವರಿನ ಹಿಂದಿನ ಓಣಿಯಲ್ಲೇ ಇತ್ತು. "ಅಕಿ ಮಗ್ಗದ ಸಪ್ಪಳ ನಮ್ಮ ಹಿತ್ತಲಕ್ಕ ಕೇಳಸತೈತಿ" ಎನ್ನುತ್ತಿದ್ದಳು. ತವರಿಗೆ ಹೋಗಿ ಬಂದಾಗಲೆಲ್ಲ ಅತ್ತೆಯವರು ಅವಳ ಸುತ್ತ ಏನೋ ಕೆಲಸವಿದ್ದಂತೆ ಓಡಾಡುವರು. ಕೊನೆಗೆ ಕೇಳುವುದು ಒಂದೇ ಮಾತು: "ಇಳಕಲ್ಲಾಗ ಮಳಿ ಆಗೈತೇನ?"

"ಚಲೋ ಆಗೈತ್ರಿ ಅತ್ತಿ. ಎಲ್ಲಾರೂ ಆರಾಮ ಅದಾರ."

ಬರಗಾಲದ ವರ್ಷವೂ ಇಳಕಲ್ಲಿನಲ್ಲಿ ಮಳೆ ಚೆನ್ನಾಗಿಯೇ ಆಗುತ್ತಿತ್ತಂತೆ. ಅತ್ತೆಯವರು "ಹೂಂ" ಎಂದು ಒಳಗೆ ಹೋಗುವರು.

ನೀಲಕ್ಕ ಕಲಿತದ್ದು ಏಳನೆಯ ಇಯತ್ತೆ. ನಾನು ಕನ್ನಡ ಎಂ.ಎ. ಆದರೆ ಓದು ಎಂದರೆ ಅವಳದು. ಕಳ್ಳ ಬಂದರೆ ಕಳ್ಳನ ದನಿ, ಇನ್‌ಸ್ಪೆಕ್ಟರ್ ಬಂದರೆ ಬೂಟಿನ ಸಪ್ಪಳವೂ ಅವಳ ಬಾಯಲ್ಲೇ. ಮುಖ್ಯ ಜಾಗ ಬಂದಾಗ ಪುಸ್ತಕ ಮಡಚಿ "ನೀರ ಕುಡದ ಬರ್ತೇನಿ" ಎಂದು ಎದ್ದು ಹೋಗುವಳು, ಕೇಳುವವರ ಜೀವ ಬಾಯಿಗೆ ಬರುತ್ತಿತ್ತು. ನಾನು ಆಮೇಲೆ ಬಾಗಲಕೋಟೆಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಕೆಲಸಕ್ಕೆ ಸೇರಿ, ಅದರಲ್ಲೇ ನಿವೃತ್ತಳಾದೆ. "ಇದ್ದದ್ದನ್ನ ಇದ್ದಂಗ ಓದು" ಎಂದು ಎಷ್ಟು ಹುಡುಗರನ್ನು ಬೆಂಚಿನ ಮೇಲೆ ನಿಲ್ಲಿಸಿದೆನೋ ಲೆಕ್ಕವಿಲ್ಲ. ಒಂದು ಅಕ್ಷರ ನುಂಗಿದರೂ ನನಗೆ ಸಹನೆಯಾಗುತ್ತಿರಲಿಲ್ಲ. ಅಂಥ ನಾನು ಕೂಡ ಒಂದು ಪಾಠ ಓದುವ ಮುಂಚೆ ಮನಸ್ಸಿನಲ್ಲಿ ನೀಲಕ್ಕನನ್ನು ನೆನೆಯುತ್ತಿದ್ದೆ.

ನಾನು ಬಂದ ವರ್ಷ ಶ್ರಾವಣಕ್ಕೆ ಮುಂಚೆ ನೀಲಕ್ಕ ಇಳಕಲ್ಲಿನ ಬಾಡಿಗೆ ಪುಸ್ತಕದ ಅಂಗಡಿಯಿಂದ ಒಂದು ಕಾದಂಬರಿ ತಂದಳು. ರಟ್ಟು ಕಿತ್ತು ಹೋಗಿ ಮೇಲೆ ಖಾಕಿ ಕಾಗದ ಹಾಕಿತ್ತು, ಹೆಸರೇ ಇರಲಿಲ್ಲ. ಪಂಚಮಿ ಬರುವವರೆಗೆ ಮಧ್ಯಾಹ್ನವೆಲ್ಲ ಪಡಸಾಲೆಯಲ್ಲಿ ಉಂಡಿ ಕಟ್ಟುವ ಕೆಲಸ. ಎಳ್ಳುಂಡಿ, ಶೇಂಗಾ ಉಂಡಿ, ಅಳ್ಳಿಟ್ಟಿನ ಉಂಡಿ. ಓಣಿಯ ಹೆಂಗಸರೂ ಬಂದು ಕೂಡುತ್ತಿದ್ದರು. ಓದುವುದು ನೀಲಕ್ಕ, ಅವಳ ಪಾಲಿನ ಉಂಡಿಯನ್ನೂ ಕಟ್ಟುವುದು ನಾವು, ಇದು ಒಪ್ಪಂದ. ಅತ್ತೆಯವರು ಕಂಬಕ್ಕೆ ಒರಗಿ, ನಮ್ಮ ಕಡೆ ಬೆನ್ನು ತಿರುಗಿಸಿ, ತಮಗೂ ಕತೆಗೂ ಸಂಬಂಧವಿಲ್ಲವೆಂಬಂತೆ ಉಂಡಿ ಕಟ್ಟುತ್ತಿದ್ದರು. ನಾನು ಪುಸ್ತಕವನ್ನು ಕದ್ದು ಮುಂದಿನದನ್ನು ಓದಲು ಹವಣಿಸಿದೆ. ನೀಲಕ್ಕ ಅದನ್ನು ಜೋಳದ ಹಿಟ್ಟಿನ ಡಬ್ಬಿಯ ಕೆಳಗೆ ಬಚ್ಚಿಟ್ಟಳು. "ನೀ ಮೊದಲ ಓದಿದ್ರ ನಾಳೆ ಉಂಡಿ ಕಟ್ಟಾಕ ಯಾರ ಬರ್ತಾರ?" ಎಂದಳು.

ಕತೆ ಆ ವಾಡೆಯದು. ವಾಡೆಯ ಮಗಳು ಮನೆತನದ ಮಾತು ಮೀರಿದಳೆಂದು ಅಪ್ಪ ಅವಳನ್ನು ಮೇಲಿನ ಕೋಣೆಯಲ್ಲಿ ಕೂಡಿಹಾಕಿ, ಕೀಲಿ ತೆಗೆಯಬಾರದೆಂದು ಹೆಂಡತಿಗೆ ಆಣೆ ಹಾಕಿ ಸತ್ತಿದ್ದಾನೆ. ಹೊಸ ಸೊಸೆಗೆ ಕತ್ತಲಾದರೆ ಬಳೆಗಳ ಸಪ್ಪಳ, ಹಾಡಿನ ದನಿ. ಅವಳು ಒಬ್ಬೊಬ್ಬರನ್ನೇ ಕೇಳುತ್ತ ಹೋಗುತ್ತಾಳೆ, ಎಲ್ಲರೂ ಸುಳ್ಳು ಹೇಳುತ್ತಾರೆ. ಕೀಲಿಕೈ ಮುದುಕಿ ಅತ್ತೆಯ ಸೊಂಟದಲ್ಲಿ. ಆ ಭಾಗ ಬಂದ ದಿನ ಓಣಿಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಕೈಯೊಳಗಿನ ಉಂಡಿ ಪುಡಿಯಾಯಿತು. ನೀಲಕ್ಕ ಮಾತ್ರ ತಲೆ ಎತ್ತದೆ ಓದಿದಳು.

ಪಂಚಮಿ ಹತ್ತಿರ ಬಂದಾಗ ಒಂದು ಮಧ್ಯಾಹ್ನ ಕಂಬದ ಕಡೆಯಿಂದ ದನಿ ಬಂತು.

"ಆ ಮುದುಕಿಗೆ ಏನ ಧಾಡಿ ಆಗೈತಿ? ಕೀಲಿ ತಗಿಬಾರದೇನ?"

ಬೆನ್ನು ತಿರುಗಿಸಿ ಕೂತಿದ್ದ ಅತ್ತೆಯವರು ಯಾವಾಗ ನಮ್ಮ ಕಡೆ ತಿರುಗಿದರೋ ಯಾರೂ ನೋಡಿರಲಿಲ್ಲ.

ನೀಲಕ್ಕ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಹೇಳಿದಳು, "ಅಕಿ ಗಂಡ ಆಣಿ ಹಾಕ್ಯಾನ್ರಿ ಅತ್ತಿ."

"ಸತ್ತಾನಲ್ಲ ಅಂವಾ! ಸತ್ತಾಂವನ ಆಣಿ ಸಂಬಂಧ ಜೀವ ಇದ್ದ ಮಗಳನ್ನ ಬಿಡ್ತಾರೇನ?"

ಅಂದವರು ಅಲ್ಲಿಗೇ ಬಾಯಿ ಮುಚ್ಚಿದರು. ನನಗೆ ಎದ್ದು ಓಡಿಹೋಗಬೇಕೆನ್ನಿಸಿತು. ನೀಲಕ್ಕ ಒಂದು ಗಳಿಗೆ ಅತ್ತೆಯವರ ಮುಖ ನೋಡಿದಳು, ಆಮೇಲೆ ಪುಟ ತಿರುವಿ ಕೊನೆಯ ಅಧ್ಯಾಯ ಶುರು ಮಾಡಿದಳು. ನೀರು ಕುಡಿಯಲೂ ಏಳಲಿಲ್ಲ. ಮುದುಕಿ ಒಂದು ದಿನ ತಾನೇ ಮೆಟ್ಟಿಲು ಹತ್ತುತ್ತಾಳೆ. ಸೊಂಟದ ಕೀಲಿಕೈ ತೆಗೆಯುತ್ತಾಳೆ. ಬಾಗಿಲು ತೆರೆದು ಒಳಗೆ ಕಾಲಿಡುವ ಮೊದಲು, ಅಷ್ಟು ವರ್ಷ ನುಂಗಿಕೊಂಡಿದ್ದ ಹೆಸರು ಹಿಡಿದು ಮಗಳನ್ನು ಕರೆಯುತ್ತಾಳೆ. ಮಗಳು "ಯವ್ವಾ" ಎನ್ನುತ್ತಾಳೆ. ಕತೆ ಮುಗಿಯಿತು. ಅತ್ತೆಯವರು ಎದ್ದು ಕೈ ತೊಳೆಯಲು ಹೋದರು, ಬಹಳ ಹೊತ್ತು ಬಚ್ಚಲಲ್ಲೇ ಇದ್ದರು.

ನಮ್ಮ ಕಡೆ ಪಂಚಮಿಗೆ ನಾಗಪ್ಪನಿಗೆ ಹಾಲೆರೆಯುವ ರೀತಿ ನಿಮಗೆ ಗೊತ್ತಿದ್ದರೂ ಹೇಳುತ್ತೇನೆ. ಒಣಕೊಬ್ಬರಿಯ ಬಟ್ಟಲಲ್ಲಿ ಹಾಲು ತೆಗೆದುಕೊಂಡು, ಒಬ್ಬೊಬ್ಬರ ಪಾಲು ಹೇಳುತ್ತ ಎರೆಯಬೇಕು. ದೇವರ ಪಾಲು, ಗುರುವಿನ ಪಾಲು, ಅಪ್ಪನ ಪಾಲು, ಅವ್ವನ ಪಾಲು, ಆಮೇಲೆ ಮನೆಯ ಮಕ್ಕಳ ಹೆಸರು. ಆ ವರ್ಷವೂ ಅತ್ತೆಯವರು ಮೊದಲು ಎರೆದರು. ಹಿರಿಯ ಮಗನ ಪಾಲು, ಕಿರಿಯ ಮಗನ ಪಾಲು, ನೀಲವ್ವನ ಪಾಲು, ಹೊಸ ಸೊಸೆಯ ಪಾಲು. ಅಲ್ಲಿಗೆ ಮುಗಿಯಬೇಕು. ಬಟ್ಟಲಲ್ಲಿ ಹಾಲು ಉಳಿದಿತ್ತು. ಅತ್ತೆಯವರ ಕೈ ಹಾಗೆಯೇ ನಿಂತಿತ್ತು.

"ಗಿರಿಜಾನ ಪಾಲು."

ನಮ್ಮ ಭಾವನವರು, ಆಳೆತ್ತರದ ಗಂಡಸು, ಪಂಚೆಯ ಚುಂಗಿನಿಂದ ಮುಖ ಒರೆಸಿಕೊಂಡರು. ಅತ್ತೆಯವರು ಅವರ ಕಡೆ ನೋಡದೆಯೇ ಹೇಳಿದರು, "ಇಳಕಲ್ ಬಸ್ ಎಷ್ಟಕ್ಕ ಐತಿ ನೋಡ. ಹಬ್ಬಕ್ಕ ಕರಿಯಾಕ ಹೋಗ್ಬೇಕ." ನಾನು ಕೋಣೆಯ ಕೀಲಿ ತೆರೆದದ್ದನ್ನು ಅಂದೇ ನೋಡಿದೆ. ಒಳಗೆ ಎಲುಬೂ ಇಲ್ಲ, ನಿಧಿಯೂ ಇಲ್ಲ. ಧೂಳು, ಜೋಕಾಲಿಯ ಮಣೆ, ಇಲಿ ಕಡಿದ ಹಗ್ಗ. ಹೊಸ ಹಗ್ಗ ತಂದು ಕಟ್ಟಿದೆವು.

ಮರುದಿನ ಗಿರಿಜಾ ಬಂದಳು. ಹೊಸ್ತಿಲ ಹೊರಗೆ ನಿಂತವಳು ಒಳಗೆ ಕಾಲಿಡಲೊಲ್ಲಳು. ಅತ್ತೆಯವರು ದಿನವೂ ಮಾತಾಡುವವರಂತೆ ಹೇಳಿದರು, "ಯಾಕ ನಿಂತಿ? ಜೋಕಾಲಿ ಕಟ್ಯಾರ, ಬಾ." ಅವಳ ಅಳು ನನಗೆ ಈಗಲೂ ಕೇಳುತ್ತದೆ. ಅಲ್ಲಿಂದ ಮುಂದೆ, ಅತ್ತೆಯವರು ತೀರಿಕೊಳ್ಳುವವರೆಗೂ, ಆಮೇಲೂ, ಒಂದು ಪಂಚಮಿಯೂ ಅವಳು ತಪ್ಪಿಸಲಿಲ್ಲ. ನನ್ನ ತವರುಮನೆ ಹಳೆಯ ಬಾಗಲಕೋಟೆಯ ಜೊತೆಗೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ನನಗೂ ಆ ಜೋಕಾಲಿಯೇ ತವರಾಯಿತು.

ಮೊನ್ನೆ ಕೊಂಡು ತಂದ ಪುಸ್ತಕವನ್ನು ಮನೆಗೆ ಬಂದು ಒಂದೇ ಪಟ್ಟಿಗೆ ಕೂತು ಓದಿದೆ. ಎಲ್ಲ ನೀಲಕ್ಕ ಓದಿದಂತೆಯೇ ಇತ್ತು. ಆದರೆ ಕೊನೆಯ ಅಧ್ಯಾಯದಲ್ಲಿ ಮುದುಕಿ ಮೆಟ್ಟಿಲು ಹತ್ತುವುದೇ ಇಲ್ಲ. ಆಣೆ, ಮರ್ಯಾದೆ ಎಂದು ದಿನ ದೂಡುತ್ತಾಳೆ. ಪೊಲೀಸರು ಬಂದು ಬಾಗಿಲು ಒಡೆದಾಗ ಒಳಗೆ ಒಂದು ಹಿಡಿ ಎಲುಬು, ಒಡೆದ ಬಳೆ. ಮುದುಕಿಗೆ ಹುಚ್ಚು ಹಿಡಿಯುತ್ತದೆ. ನಾನು ಆ ಪುಟವನ್ನು ಮತ್ತೆ ಮತ್ತೆ ಓದಿದೆ. ಪುಸ್ತಕ ಚೀಲಕ್ಕೆ ಹಾಕಿಕೊಂಡು ಮರುದಿನವೇ ಕಮತಗಿಗೆ ಹೋದೆ.

ನೀಲಕ್ಕನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ, ಓದುವುದು ನಿಂತಿದೆ. ಉಂಡಿ ಕಟ್ಟುವ ಕೈ ಮಾತ್ರ ಹಾಗೆಯೇ ಇದೆ. ಅಡುಗೆಮನೆಯಲ್ಲಿ ಒಬ್ಬಳೇ ಸಿಕ್ಕಾಗ ಕೇಳಿದೆ.

"ಅಕ್ಕಾ, ಖರೆ ಹೇಳ. ಪುಸ್ತಕದಾಗ ಮಗಳು ಸತ್ತಿದ್ಲು, ಹೌದಲ್ಲ?"

"ಸತ್ತಿದ್ಲು. ನಾ ಇಳಕಲ್ಲಾಗ ಓದೇ ತಂದಿದ್ನಿ. ಅತ್ತಿಗೆ ಹೆದರಿಕಿ ಹುಟ್ಟಲಿ, ಹಿಂಗ ಕುಂತ್ರ ಎಲಬ ಸಿಗತಾವು ಅಂತ ತಿಳೀಲಿ ಅಂತ."

"ಮತ್ತ?"

"ಅವತ್ತ ಅವ್ರ ಮಾರಿ ನೋಡಿದೇನ ನೀ? ಉಂಡಿ ಕೈಯಾಗ ಹಿಡಕೊಂಡ, ಬಾಯಿ ತಕ್ಕೊಂಡ, ಸಣ್ಣ ಹುಡುಗಿ ಹಂಗ ಕುಂತಿದ್ರು. ಆ ಮಾರಿಗೆ 'ಮಗಳು ಸತ್ಲ್ರಿ' ಅಂತ ಹೆಂಗ ಓದ್ಲಿ ತಂಗಿ? ಬಾಯಿಗೆ ಬಂದದ್ದ ಓದೇನಿ."

ಅಚ್ಚಾದ ಸಾಲಿನ ಮೇಲೆ ಬೆರಳಿಟ್ಟುಕೊಂಡು, ತೊದಲದೆ, ಒಂದು ಮನೆಯನ್ನು ಉಳಿಸಿದ ಹೆಂಗಸು ಎಳ್ಳು ಜರಡಿ ಹಿಡಿಯುತ್ತ ಕೂತಿದ್ದಳು. ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಬಿದ್ದಿದ್ದರೆ ನಕ್ಕುಬಿಡುತ್ತಿದ್ದಳು.

ಪಡಸಾಲೆಯಲ್ಲಿ ಜೋಕಾಲಿಯ ಮೇಲೆ ಗಿರಿಜಾ ಕೂತಿದ್ದಳು. ತಲೆ ಪೂರ್ತಿ ನೆರೆತಿದೆ, ಕಾಲು ಮಾತ್ರ ಇನ್ನೂ ನೆಲ ಒದೆಯುತ್ತದೆ. ಆ ಹಳೆಯ ಪುಸ್ತಕ ಸಿಕ್ಕಿತೆಂದು ಬಂದಾಗಲೇ ಹೇಳಿದ್ದೆ, ಅದನ್ನು ನನ್ನ ಕೈಯಲ್ಲಿ ನೋಡಿ ಕೇಳಿದಳು, "ಇದ ಏನ, ನನ್ನ ಮನಿಗೆ ಕರಸಿದ ಕತಿ? ಎಲ್ಲಾರೂ ಕೇಳೀರಿ, ನಾ ಒಬ್ಬಾಕಿನ ಕೇಳಿಲ್ಲ. ಓದ ನೋಡೂನು."

ಮೂರು ಮಧ್ಯಾಹ್ನ ಓದಿದೆ, ನೀಲಕ್ಕನ ಹಾಗೆ ಬೂಟಿನ ಸಪ್ಪಳ ಬರಲಿಲ್ಲ, ಆದರೂ ಓದಿದೆ. ಕೊನೆಯ ಅಧ್ಯಾಯ ಬಂತು. ಪೊಲೀಸರು ಬಾಗಿಲು ಒಡೆಯುವ ಸಾಲಿನ ಮೇಲೆ ನನ್ನ ಬೆರಳಿತ್ತು. ಜೋಕಾಲಿ ನಿಧಾನವಾಗಿ ನಿಂತಿತು. ಗಿರಿಜಾ ಬಾಯಿ ತೆರೆದುಕೊಂಡು, ತನ್ನ ತಾಯಿಯ ಮುಖದಲ್ಲೇ, ನನ್ನನ್ನು ನೋಡುತ್ತಿದ್ದಳು.

ನಾನು ಓದಿದೆ: ಮುದುಕಿ ಮೆಟ್ಟಿಲು ಹತ್ತಿದಳು. ಸೊಂಟದ ಕೀಲಿಕೈ ತೆಗೆದಳು. ಒಳಗೆ ಕಾಲಿಡುವ ಮೊದಲು ಹೆಸರು ಹಿಡಿದು ಕರೆದಳು.

ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡು ನೆಲಕ್ಕೆ ಒಂದು ಒದೆ ಕೊಟ್ಟಳು, ಜೋಕಾಲಿ ಮತ್ತೆ ಹೋಯಿತು. ನಾನು ಪುಸ್ತಕ ಮಡಚಿದೆ. ಕಂಬಕ್ಕೆ ಒರಗಿ ಕೂತಿದ್ದ ನೀಲಕ್ಕ ತಲೆ ಎತ್ತದೆ ಒಂದು ಎಳ್ಳುಂಡಿಯನ್ನು ನನ್ನ ಕೈಗೆ ಇಟ್ಟಳು.

"ಒಂದ ಅಕ್ಷರ ಬಿಡದಂಗ ಓದಿದಿ ನೋಡ, ಮಾಸ್ತರಬಾಯಿ" ಎಂದಳು.