ಎರಡು ಮಿಲಿಮೀಟರ್ ತಪ್ಪು

ಹೋದ ಭಾನುವಾರ ನನ್ನ ಹಳೆಯ ತಪ್ಪೊಂದು ಗೂಡ್ಸ್ ಆಟೋದಲ್ಲಿ ಕೂತು ಮನೆ ಬಾಗಿಲಿಗೇ ಬಂತು.

ಇಳಿಸಿದ್ದು ಒಂದು ಟೂ ಸ್ಟ್ರೋಕ್ ಬೈಕು. ಜೊತೆಗೆ ಬಂದವಳು ಕ್ಯಾಲನೂರಿನ ರೂಪಾ. "ಅಂಕಲ್, ಅಪ್ಪನ ಗಾಡಿ. ರೆಡಿ ಮಾಡ್ಕೊಡಿ, ನಾನು ಓಡಿಸ್ತೀನಿ. ಅಪ್ಪಂಗೆ ಗಾಡಿ ಓಡ್ಸಕ್ಕೇ ಬರಲ್ಲ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ.

ಅವಳಪ್ಪ ಮುನಿಯಪ್ಪ ಒಂದು ಕಾಲದಲ್ಲಿ ಇದೇ ಗಾಡಿಯಲ್ಲಿ ಕೋಲಾರದ ಹೋಟೆಲುಗಳಿಗೆ ಹಾಲು ತರುತ್ತಿದ್ದ. (ಎರಡೂ ಕಡೆ ಕ್ಯಾನು, ನಡುವೆ ಅವನು ಕಾಣುತ್ತಲೇ ಇರಲಿಲ್ಲ.) ಒಮ್ಮೆ ಪಿಸ್ಟನ್ ರಿಂಗ್ ಬದಲಾಯಿಸಲು ನನ್ನ ಗ್ಯಾರೇಜಿಗೆ ಬಿಟ್ಟುಹೋದ.

ಈ ಎಂಜಿನ್ನಿನ ಸಿಲಿಂಡರ್ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ನಾವು ಪೋರ್ಟ್ ಅನ್ನುತ್ತೇವೆ. ಹೊಗೆ ಹೋಗುವ ಪೋರ್ಟಿನ ಮೇಲಂಚನ್ನು ಅರದಿಂದ ಉಜ್ಜಿ ಎತ್ತರಿಸಿದರೆ ಅದು ಬೇಗ ತೆರೆದುಕೊಳ್ಳುತ್ತದೆ. ಸ್ಪೀಡ್ ಹತ್ತಿದ ಮೇಲೆ ಗಾಡಿ ಹಾರುತ್ತದೆ. ಆದರೆ ನಿಧಾನಕ್ಕೆ ಭಾರ ಎಳೆಯುವ ಶಕ್ತಿ ಹೋಗುತ್ತದೆ. ಆಗ ನನ್ನ ಹತ್ತಿರ ರೇಸ್ ಗಾಡಿಯೊಂದರ ಅಳತೆಗೆ ಕತ್ತರಿಸಿದ ತಗಡಿತ್ತು. ಅದನ್ನೇ ಅಳತೆಗಿಟ್ಟು ಇವನ ಗಾಡಿಯ ಪೋರ್ಟನ್ನೂ ಎರಡು ಮಿಲಿಮೀಟರ್ ಉಜ್ಜಿಬಿಟ್ಟೆ. ಮುನಿಯಪ್ಪನನ್ನು ಕೇಳಿದೆನಾ? ಇಲ್ಲ. ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡೆ!

ವಾರದೊಳಗೆ ವಾಪಸ್ ಬಂದ. "ಏಮಣ್ಣಾ, ಏರಲ್ಲಿ ಎಳೀತಾನೇ ಇಲ್ವಲ್ಲ?"

ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಗಿರಾಕಿಗಳೆಲ್ಲ ನೋಡುತ್ತಿದ್ದರು. ಕ್ಯಾನು ಇಳಿಸಿ ನಾನೇ ಒಂದು ರೌಂಡ್ ಹೊಡೆದೆ. ಬಾಣದ ಹಾಗೆ ಹೋಯಿತು. "ಲೇ ಮುನಿಯಪ್ಪ, ಗಾಡಿಗೇನೂ ಆಗಿಲ್ಲ ಕಣೋ. ನಿಂಗೆ ಕ್ಲಚ್ ಬಿಡಕ್ಕೇ ಬರಲ್ಲ. ಎತ್ತಿನ ಗಾಡಿ ಹೊಡ್ಕೊಂಡಿರು ಹೋಗು!"

ಎಲ್ಲರೂ ನಕ್ಕರು. ಪಾಪ, ಅವನೂ ನಕ್ಕ.

ಕೆಲವು ದಿನಗಳ ನಂತರ ಏರಿನಲ್ಲಿ ಗಾಡಿ ಆಫ್ ಆಗಿ, ಹಿಂದಕ್ಕೆ ಜಾರಿ ಮಗುಚಿತು. ಹಾಲೆಲ್ಲ ರಸ್ತೆಗೆ. ಅವತ್ತು ಬಿಟ್ಟವನು ಮತ್ತೆ ಹ್ಯಾಂಡಲ್ ಮುಟ್ಟಲಿಲ್ಲ. ಹಾಲಿನ ಕೆಲಸ ತಮ್ಮನ ಪಾಲಾಯಿತು. ಇವನು ಮನೆಯವರ ತಮಾಷೆಯ ಪಾಲಾದ.

ಈಗ ಸಿಲಿಂಡರ್ ಬಿಚ್ಚಿದರೆ ನನ್ನದೇ ಅರದ ಗುರುತು. ಸುಮ್ಮನೆ ಬೇರೆ ಸಿಲಿಂಡರ್ ಕೂರಿಸಿ ಕೊಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. (ಎರಡು ದಿನ ಹಾಗೇ ಯೋಚಿಸಿದೆ. ಸುಳ್ಳು ಯಾಕೆ ಹೇಳಲಿ?) ಮೂರನೇ ದಿನ ಆ ಹಳೆಯ ಸಿಲಿಂಡರನ್ನು ಚೀಲಕ್ಕೆ ಹಾಕಿಕೊಂಡು ಕ್ಯಾಲನೂರಿನ ಬಸ್ ಹತ್ತಿದೆ.

ಎಲ್ಲ ಹೇಳಿದೆ. ಮುನಿಯಪ್ಪ ಪೋರ್ಟಿನ ಅಂಚಿನ ಮೇಲೆ ತುಂಬಾ ಹೊತ್ತು ಬೆರಳಾಡಿಸಿದ.

"ಅಂದ್ರೆ... ನಂಗೆ ಓಡ್ಸಕ್ಕೆ ಬರ್ತಿತ್ತಾ?"

"ಬರ್ತಿತ್ತು ಕಣಪ್ಪ. ಚೆನ್ನಾಗೇ ಬರ್ತಿತ್ತು."

ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ. ಒಳಗಿದ್ದ ಹೆಂಡತಿ, ಮಗಳನ್ನು ಕೂಗಿ ಕರೆದ. ಇಬ್ಬರೂ ಬಂದು ನಿಂತ ಮೇಲೆ ನನ್ನ ಕಡೆ ತಿರುಗಿದ. "ಇನ್ನೊಂದ್ಸಲ ಹೇಳಣ್ಣ. ಜೋರಾಗಿ ಹೇಳು."

ಹೇಳಿದೆ. ಅಷ್ಟು ಹೇಳಲು ಒಂದು ನಿಮಿಷವೂ ಹಿಡಿಯಲಿಲ್ಲ. ಆವತ್ತೇ ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?